ಅಂಗಳಕ್ಕೆ ಲಾಕ್, ಬಾವಿಗೆ ಬಾಯಾರಿಕೆ!

ಮಂಗಳೂರಿನಲ್ಲಿ ಈಗ ಮನೆ ಕಟ್ಟಿದವರಿಗೆ ಮನೆ ಮುಗಿಯಿತು ಅಂತ ಅನ್ನಿಸಬೇಕಾದರೆ ಅಂಗಳಕ್ಕೆ ಇಂಟರ್‌ಲಾಕ್ ಬೀಳಬೇಕು. ಗೃಹಪ್ರವೇಶದ ಕಾಗದ ಅಚ್ಚಿಗೆ ಹೋಗುವ ಹೊತ್ತಿಗೆ ಕೆಂಪು, ಹಳದಿ, ಬೂದು ಬಣ್ಣದ ಬಿಲ್ಲೆಗಳು ಲಾರಿಯಲ್ಲಿ ಬಂದು ಇಳಿಯುತ್ತವೆ. ಗೇಟಿನಿಂದ ಜಗಲಿಯ ಮೆಟ್ಟಿಲ ತನಕ, ಜಗಲಿಯಿಂದ ಹಿಂದಿನ ಬಾವಿಕಟ್ಟೆಯ ತನಕ, ಒಂದು ಗೇಣು ಮಣ್ಣು ಕಾಣದ ಹಾಗೆ ಹಾಸಿ ಮುಗಿಸಿದರೆ ಯಜಮಾನರಿಗೆ ಸಮಾಧಾನ. ಕಾರು ಸಲೀಸಾಗಿ ಒಳಗೆ ಬರುತ್ತದೆ. ಕಾಲಿಗೆ ಕೆಸರಿಲ್ಲ. ಗಲ್ಫಿನಲ್ಲಿರುವ ಮಗನಿಗೆ ಕಳಿಸುವ ಫೋಟೋದಲ್ಲಿ ನೋಡಲಿಕ್ಕೂ ಚೆಂದ. ಎಲ್ಲ ಸರಿ. ಆದರೆ ಏಪ್ರಿಲ್ ತಿಂಗಳು ಬಂದಾಗ ಅದೇ ಯಜಮಾನರು ಅದೇ ಇಂಟರ್‌ಲಾಕಿನ ಮೇಲೆ ನಿಂತು ಟ್ಯಾಂಕರಿನವನಿಗೆ ಫೋನು ಮಾಡುವುದುಂಟಲ್ಲ, ಆಗ ಈ ಎರಡು ಸಂಗತಿಗೆ ಏನಾದರೂ ಸಂಬಂಧ ಉಂಟೋ ಅಂತ ಯಾರೂ ಕೇಳುವುದಿಲ್ಲ.

ಸಂಬಂಧ ಉಂಟು ಸ್ವಾಮಿ. ಲೆಕ್ಕ ಹಾಕಿ ನೋಡಿ.

ಈ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೀಳುವ ಮಳೆ ಸರಾಸರಿ 3000 ಮಿಲಿಮೀಟರಿಗೂ ಮೇಲೆ. ಒಂದು ಚದರ ಮೀಟರ್ ಜಾಗದಲ್ಲಿ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಏಳೆಂಟು ಸೆಂಟ್ಸ್ ಜಾಗದಲ್ಲಿ ಮನೆ ಕಟ್ಟಿ, ಮುಂದೆ ಎರಡು ಸೆಂಟ್ಸ್ ಅಂಗಳ ಬಿಟ್ಟಿದ್ದಾರೆ ಅಂತ ಇಟ್ಟುಕೊಳ್ಳಿ. ಎರಡು ಸೆಂಟ್ಸ್ ಎಂದರೆ ಸುಮಾರು 80 ಚದರ ಮೀಟರ್. ಒಂದು ಮಳೆಗಾಲದಲ್ಲಿ ಆ ಅಂಗಳದ ಮೇಲೆ ಬೀಳುವ ನೀರು 2,40,000 ಲೀಟರ್. ಮಾಡಿನ ನೀರು ಇದರಲ್ಲಿ ಸೇರಿಲ್ಲ. 12,000 ಲೀಟರಿನ ದೊಡ್ಡ ಟ್ಯಾಂಕರಿನ ಲೆಕ್ಕದಲ್ಲಿ ಇದು 20 ಟ್ಯಾಂಕರ್. ಅಷ್ಟೂ ನೀರು ನೆಲಕ್ಕೆ ಇಂಗುತ್ತದೆ ಅಂತ ಯಾರೂ ಹೇಳುವುದಿಲ್ಲ. ಜುಲೈಯಲ್ಲಿ ನೆಲ ಹೊಟ್ಟೆತುಂಬ ಕುಡಿದ ಮೇಲೆ ಉಳಿದದ್ದು ಹರಿದು ಹೋಗಿಯೇ ಹೋಗುತ್ತದೆ. ಆದರೆ ಅರ್ಧ ಇಂಗಿದರೂ ಹತ್ತು ಟ್ಯಾಂಕರ್ ಆಯಿತು. ಅದನ್ನು ಬೇಡ ಅಂತ ಗೇಟಿನ ಹೊರಗೆ ತಳ್ಳಿ, ಬೇಸಿಗೆಯಲ್ಲಿ ದುಡ್ಡು ಕೊಟ್ಟು ಗೇಟಿನ ಒಳಗೆ ತರಿಸುವುದಕ್ಕೆ ಬುದ್ಧಿವಂತರ ಜಿಲ್ಲೆಯವರೇ ಆಗಬೇಕು!

ಹೊರಗೆ ತಳ್ಳಿದ ನೀರು ಎಲ್ಲಿಗೆ ಹೋಗುತ್ತದೆ? ರಸ್ತೆಗೆ. ರಸ್ತೆಯಿಂದ ತಗ್ಗಿನಲ್ಲಿ ಇದ್ದವರ ಮನೆಗೆ. 2018ರ ಮೇ 29ರ ಮಳೆಗೆ ಮಂಗಳೂರು ಮುಳುಗಿದ್ದು ಊರಿಗೆಲ್ಲ ನೆನಪುಂಟು. ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆಯಲ್ಲಿ ರಸ್ತೆ ಯಾವುದು, ತೋಡು ಯಾವುದು ಅಂತ ಗೊತ್ತಾಗದ ಸ್ಥಿತಿ. ಸರಿಯಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ, 2019ರ ಬೇಸಿಗೆಯಲ್ಲಿ, ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿಯ ನೀರು ಇಳಿದು ಅದೇ ಊರಿಗೆ ನೀರು ರೇಷನ್ ಆಯಿತು. ಉಡುಪಿಗೆ ನೀರು ಕೊಡುವ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನ ಪಾಡೂ ಅದೇ. ಮುಳುಗಿದ ಊರೂ ಒಣಗಿದ ಊರೂ ಒಂದೇ. ಇದಕ್ಕೆಲ್ಲ ಇಂಟರ್‌ಲಾಕ್ ಒಂದೇ ಕಾರಣ ಅಂತ ಹೇಳಿದರೆ ಅನ್ಯಾಯವಾದೀತು. ಗದ್ದೆ ತುಂಬಿಸಿದವರು ಉಂಟು, ರಾಜಕಾಲುವೆ ಕಿರಿದು ಮಾಡಿದವರು ಉಂಟು, ತೋಡಿಗೆ ಕಸ ಬಿಸಾಡುವವರು ಉಂಟು. ದೊಡ್ಡ ತಪ್ಪು ಮಾಡಿದವರ ಮೇಲೆ ಕ್ರಮ ಆಗಲಿ. ಆದರೆ ಸ್ವಂತ ಅಂಗಳದ ಎರಡು ಸೆಂಟ್ಸಿಗೆ ಏನು ಹಾಕಬೇಕು ಎಂಬುದಕ್ಕೆ ಯಾವ ಮಂತ್ರಿಯ ಅಪ್ಪಣೆಯೂ ಬೇಡವಲ್ಲ?

ಹಳೆಯ ಅಂಗಳ ದಡ್ಡರದ್ದಲ್ಲ

ತುಳುವಿನಲ್ಲಿ ‘ಜಾಲ್’ ಅಂತ ಕರೆಯುವ ಅಂಗಳ ಈ ನಾಡಿನ ಮನೆಯ ದೊಡ್ಡ ಕೋಣೆ ಎಂದರೂ ತಪ್ಪಿಲ್ಲ. ಭತ್ತ ಬಡಿದದ್ದು ಅಲ್ಲಿ, ಅಡಿಕೆ ಒಣಗಿಸಿದ್ದು ಅಲ್ಲಿ, ಮದುವೆಯ ಚಪ್ಪರ ಹಾಕಿದ್ದೂ ಅಲ್ಲಿ. ಮಳೆ ಬಿಟ್ಟ ಮೇಲೆ ಹುಲ್ಲು ಕೆತ್ತಿ, ಮಣ್ಣು ಹಾಕಿ ಸಮ ಮಾಡಿ, ನೀರು ಚಿಮುಕಿಸಿ ಬಡಿದು ಸಗಣಿ ಸಾರಿಸಿದರೆ ಸಿಮೆಂಟಿಗೆ ಸಮನಾದ ನೆಲ. ಮುಂದಿನ ಮಳೆಗೆ ಅದು ಮತ್ತೆ ಮೆತ್ತಗಾಗಿ ನೀರು ಕುಡಿಯುತ್ತಿತ್ತು. ವರ್ಷಕ್ಕೊಮ್ಮೆ ಕಟ್ಟುವುದು, ವರ್ಷಕ್ಕೊಮ್ಮೆ ಬಿಡುವುದು. ಸುತ್ತಲೂ ಒಂದು ಕಣಿ. ಹೆಚ್ಚಾದ ನೀರು ತೆಂಗಿನ ಬುಡಕ್ಕೆ.

ಹಾಗಂತ ಎಲ್ಲರೂ ಸಗಣಿ ಸಾರಿಸುವ ಕಾಲಕ್ಕೆ ಹಿಂದೆ ಹೋಗಿ ಎನ್ನುವುದು ಬರೀ ಭಾಷಣ. ಅಂಗಳ ಬಡಿಯಲು ಜನ ಎಲ್ಲಿದ್ದಾರೆ? ಸಾರಿಸುವುದಕ್ಕೆ ದನ ಎಲ್ಲಿದೆ? ಅದೂ ಅಲ್ಲದೆ ಆ ಅಂಗಳವನ್ನು ಸಾರಿಸಿ ಸೊಂಟ ಮುರಿದುಕೊಂಡದ್ದು ಮನೆಯ ಹೆಂಗಸರು ಹೊರತು ಅಂಗಳದ ಗುಣಗಾನ ಮಾಡುವ ಗಂಡಸರಲ್ಲ. ಕಾರು ಬಂದಿದೆ, ಸ್ಕೂಟರ್ ಬಂದಿದೆ, ಮುದುಕರು ವೀಲ್‌ಚೇರಿನಲ್ಲಿ ಓಡಾಡುವ ಮನೆಗಳೂ ಉಂಟು. ಗಟ್ಟಿ ನೆಲ ಬೇಕೇ ಬೇಕು. ಆದರೆ ಎಷ್ಟು ಬೇಕು?

ಕಾರಿಗೆ ಬೇಕಾದದ್ದು ಎರಡು ಪಟ್ಟಿ. ಗೇಟಿನಿಂದ ಕಾರು ನಿಲ್ಲುವ ಜಾಗಕ್ಕೆ 40 ಅಡಿ ಉದ್ದ ಅಂತ ಇಟ್ಟುಕೊಳ್ಳಿ. ಹತ್ತಡಿ ಅಗಲಕ್ಕೆ ಪೂರ್ತಿ ಹಾಸಿದರೆ 400 ಚದರ ಅಡಿ. ಚಕ್ರ ಹೋಗುವ ಕಡೆ ಮಾತ್ರ ಎರಡೆರಡು ಅಡಿ ಅಗಲದ ಎರಡು ಪಟ್ಟಿ ಹಾಕಿ, ನಡುವೆ ಮೂರಡಿ ಬಿಟ್ಟರೆ 160 ಚದರ ಅಡಿಯಲ್ಲಿ ಕೆಲಸ ಮುಗಿಯಿತು. ಉಳಿದ 240 ಚದರ ಅಡಿಯಲ್ಲಿ ಹುಲ್ಲು ಬೆಳೆಯಲಿ, ಬೇಬಿ ಜಲ್ಲಿ ಹಾಕಲಿ, ನೀರು ಇಳಿಯಲಿಕ್ಕೆ ದಾರಿ ಆಯಿತು. ಖರ್ಚೂ ಅರ್ಧಕ್ಕಿಂತ ಕಡಿಮೆ. ಇದನ್ನು ಯಾವ ಕಂತ್ರಾಟುದಾರನೂ ತಾನಾಗಿ ಹೇಳುವುದಿಲ್ಲ. ಅವನ ಬಿಲ್ಲು ಚದರ ಅಡಿಯ ಮೇಲೆ ಅಲ್ಲವೇ ಆಗುವುದು!

ಯಾವುದು ಹಾಕುವುದು?

ಜಲ್ಲಿ ಎಲ್ಲಕ್ಕಿಂತ ಅಗ್ಗ, ನೀರಿಗೂ ಒಳ್ಳೆಯದು. ಆದರೆ ಬದಿಗೆ ಕಲ್ಲು ಕಟ್ಟದೆ ಸುರಿದರೆ ಎರಡು ತಿಂಗಳಲ್ಲಿ ಅರ್ಧ ಜಲ್ಲಿ ರಸ್ತೆಗೆ ಬಂದು ಬೈಕಿನವರನ್ನು ಬೀಳಿಸುತ್ತದೆ. ಮಾವು, ಹಲಸಿನ ಮರದ ಕೆಳಗೆ ಹಾಕಿದರೆ ತರಗೆಲೆ ಗುಡಿಸುವುದು ದೊಡ್ಡ ಕಷ್ಟ. ಹಿಡಿಸೂಡಿಗೆ ಎಲೆಯ ಜತೆ ಜಲ್ಲಿಯೂ ಬರುತ್ತದೆ. ಕೋಲು ಹಿಡಿದು ನಡೆಯುವವರು ಇರುವ ಮನೆಗೆ ಜಲ್ಲಿ ಬೇಡ.

ಕೆಂಪುಕಲ್ಲು ಈ ನೆಲದ್ದೇ ಕಲ್ಲು. ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟವನು ಇಂಗ್ಲಿಷರ ಕಾಲದ ಡಾಕ್ಟರು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಾಡಿಪುರಂನಲ್ಲಿ ಜನ ಇದನ್ನು ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುವುದನ್ನು ನೋಡಿ, ಇಟ್ಟಿಗೆಯ ಲ್ಯಾಟಿನ್ ಹೆಸರನ್ನೇ ಇದಕ್ಕೆ ಕೊಟ್ಟ. 1807ರಲ್ಲಿ ಅಚ್ಚಾದ ಅವನ ಪುಸ್ತಕದಲ್ಲಿ ಅದು ಉಂಟು. ಕಡಿಯುವಾಗ ಮೆತ್ತಗೆ, ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿ. ಗೋಡೆಗೆ ಇದಕ್ಕಿಂತ ಒಳ್ಳೆಯದಿಲ್ಲ. ನಡೆಯುವ ದಾರಿಗೆ ಹಾಸಿದರೂ ಚೆಂದ, ಬೇಸಿಗೆಯಲ್ಲಿ ತಂಪು. ಆದರೆ ದಿನಾ ಕಾರು ತಿರುಗಿಸುವ ಜಾಗಕ್ಕೆ ಹಾಸಿದರೆ ಟಯರಿನ ಅಡಿಯಲ್ಲಿ ಹುಡಿಯಾಗುತ್ತದೆ, ಮಳೆಗಾಲದಲ್ಲಿ ಕಪ್ಪು ಪಾಚಿ ಹಿಡಿಯುತ್ತದೆ.

ಕಾಂಕ್ರೀಟ್ ಗಟ್ಟಿ, ಬಾಳಿಕೆಯದ್ದು, ನೀರಿಗೆ ಪೂರ್ತಿ ಶತ್ರು. ಆದರೂ ಕೆಲವು ಕಡೆ ಅದೇ ಆಗಬೇಕು. ಗುಡ್ಡ ಕಡಿದು ಕಟ್ಟಿದ ಮನೆಗೆ ಕಡಿದಾದ ಏರು ದಾರಿ ಇದ್ದರೆ ಜಲ್ಲಿ ಜಾರುತ್ತದೆ, ಇಂಟರ್‌ಲಾಕ್ ಕೆಳಕ್ಕೆ ಸರಿಯುತ್ತದೆ. ಅಲ್ಲಿ ನಾಲ್ಕಿಂಚು ದಪ್ಪದ ಕಾಂಕ್ರೀಟೇ ಸರಿ. ಹತ್ತಡಿಗೆ ಒಂದು ಸಂದು ಬಿಡಬೇಕು, ಇಲ್ಲದಿದ್ದರೆ ಬಿರುಕು ತಾನೇ ತನಗೆ ಬೇಕಾದ ಕಡೆ ಸಂದು ಮಾಡಿಕೊಳ್ಳುತ್ತದೆ. ಮೇಲ್ಮೈಯನ್ನು ಕನ್ನಡಿಯ ಹಾಗೆ ನುಣ್ಣಗೆ ಮಾಡುವ ಮೇಸ್ತ್ರಿಯ ಕೈ ಹಿಡಿದು ನಿಲ್ಲಿಸಿ. ಹಸಿ ಇರುವಾಗಲೇ ಕಡ್ಡಿ ಹಿಡಿಸೂಡಿಯಲ್ಲಿ ಅಡ್ಡ ಗೆರೆ ಎಳೆಸಿ. ಟಯರಿಗೂ ಹಿಡಿತ, ಚಪ್ಪಲಿಗೂ ಹಿಡಿತ. ಮೇಲೆ ಒಂದು ವಾರಕ್ಕೆ ಕಡಿಮೆಯಿಲ್ಲದೆ ಗೋಣಿ ಹಾಸಿ ನೀರು ಹಾಕುವುದು, ಅಲ್ಲಿಯ ತನಕ ಕಾರು ಹೊರಗೆ.

ಇನ್ನು ಹೊಳೆಯುವ ಟೈಲ್ಸು. ವರಾಂಡದ ಟೈಲ್ಸನ್ನು ಅಂಗಳಕ್ಕೂ ಎಳೆದವರು ಮೊದಲ ಮಳೆಗೇ ಬುದ್ಧಿ ಕಲಿಯುತ್ತಾರೆ. ಅದರ ವಿಚಾರ ಅಷ್ಟೇ ಸಾಕು.

ಕಡೆಗೆ ಎಲ್ಲರೂ ಬರುವುದು ಇಂಟರ್‌ಲಾಕಿಗೆ. ಬರಲಿ, ತಪ್ಪೇನಿಲ್ಲ. ಒಡೆದ ಒಂದು ಬಿಲ್ಲೆ ತೆಗೆದು ಇನ್ನೊಂದು ಕೂರಿಸಬಹುದು, ಕೆಳಗಿನ ಪೈಪು ಸೋರಿದರೆ ಎಬ್ಬಿಸಿ ರಿಪೇರಿ ಮಾಡಿ ಮತ್ತೆ ಹಾಸಬಹುದು. ಕಾಂಕ್ರೀಟಿಗೆ ಈ ಗುಣ ಇಲ್ಲ. ಆದರೆ “ಸಂದಿನಲ್ಲಿ ನೀರು ಇಳಿಯುತ್ತದೆ ಧಣಿ, ಬಾವಿಗೆ ತೊಂದರೆಯಿಲ್ಲ” ಅಂತ ಮಾರುವವರು ಹೇಳುವುದು ಅರ್ಧ ಸತ್ಯ. ಹೊಸತರಲ್ಲಿ ಸ್ವಲ್ಪ ಇಳಿಯುತ್ತದೆ. ಎರಡು ಮಳೆಗಾಲ ಕಳೆದ ಮೇಲೆ ಸಂದಿನಲ್ಲಿ ಕೆಸರು, ಪಾಚಿ ಸೇರಿ ಅದೂ ನಿಲ್ಲುತ್ತದೆ. ಅಡಿಯಲ್ಲಿ ಹಾಕಿದ ಕ್ರಷರ್ ಹುಡಿ ದಮ್ಮಸಿಗೆ ಗಟ್ಟಿಯಾಗಿ ಕೂತಿರುತ್ತದೆ, ಅದೂ ನೀರು ಬಿಡುವುದಿಲ್ಲ. ನಿಜವಾಗಿ ನೀರು ಇಳಿಯಬೇಕಾದರೆ ಅಡಿಗೆ ಹುಡಿಯಿಲ್ಲದ ತೊಳೆದ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಅಗಲ ಸಂದು ಬಿಟ್ಟು ಆ ಸಂದಿಗೂ ಸಣ್ಣ ಜಲ್ಲಿಯನ್ನೇ ತುಂಬಬೇಕು. ಇಲ್ಲವೇ ನಡುವೆ ತೂತು ಇರುವ, ಹುಲ್ಲು ಬೆಳೆಯುವ ಬಿಲ್ಲೆ ಹಾಕಬೇಕು. ಕೇಳಿ ತರಿಸಿದರೆ ಸಿಗುತ್ತದೆ. ಕೇಳುವವರು ಬೇಕು.

ಕಾಣದ್ದರಲ್ಲಿ ಕಳ್ಳತನ

ಇಂಟರ್‌ಲಾಕ್ ಒಂದೆರಡು ವರ್ಷದಲ್ಲಿ ಅಲೆಅಲೆಯಾಗಿ ಕುಸಿಯಿತು ಅಂತ ದೂರುವವರು ಬಿಲ್ಲೆಯನ್ನು ಬಯ್ಯುತ್ತಾರೆ. ಬಿಲ್ಲೆಯ ತಪ್ಪು ಕಡಿಮೆ, ಅಡಿಯದ್ದೇ ಹೆಚ್ಚು. ಮೇಲಿನದ್ದು ಕಣ್ಣಿಗೆ ಕಾಣುತ್ತದೆ, ಕೆಳಗಿನದ್ದು ಕಾಣುವುದಿಲ್ಲ. ಹಾಗಾಗಿ ಉಳಿತಾಯ ಎಲ್ಲ ಕೆಳಗೆ. ಮೇಲುಮಣ್ಣು ತೆಗೆದು, ಆರಿಂಚಿನಷ್ಟು ಜಲ್ಲಿ ಹಾಕಿ, ಪದರ ಪದರವಾಗಿ ದಮ್ಮಸು ಮಾಡಿ, ಅದರ ಮೇಲೆ ಒಂದು–ಒಂದೂವರೆ ಇಂಚು ಮರಳು ಅಥವಾ ಹುಡಿ ಹಾಸಿ ಬಿಲ್ಲೆ ಕೂರಿಸುವುದು ಕ್ರಮ. “ಅದೆಲ್ಲ ಬೇಡ ಧಣಿ, ಮಣ್ಣು ಗಟ್ಟಿ ಉಂಟು” ಅಂತ ಹೇಳಿ ಹುಡಿಯ ಮೇಲೆಯೇ ಬಿಲ್ಲೆ ಜೋಡಿಸಿ ಹೋಗುವವರು ಧಾರಾಳ. ಬದಿಗೆ ಕಾಂಕ್ರೀಟಿನ ಅಂಚು ಕಟ್ಟದಿದ್ದರೆ ಬಿಲ್ಲೆಗಳು ಹೊರಕ್ಕೆ ಸರಿಯುತ್ತಾ ಸಂದು ಬಾಯಿ ಬಿಡುತ್ತದೆ.

ದಪ್ಪವನ್ನೂ ಕೇಳಿ ತೆಗೆದುಕೊಳ್ಳಬೇಕು. ನೆಲಹಾಸಿನ ಕಾಂಕ್ರೀಟ್ ಬಿಲ್ಲೆಗೆ ಐಎಸ್ 15658 ಅಂತ ಭಾರತೀಯ ಮಾನಕ ಉಂಟು. 2006ರಲ್ಲಿ ಬಂದಾಗಲೇ ಅದು ಬರೀ ನಡೆದಾಡುವ ಜಾಗಕ್ಕೆ 50 ಮಿಲಿಮೀಟರ್, ಕಾರಿನಂಥ ಹಗುರ ವಾಹನಕ್ಕೆ 60, ಅದಕ್ಕಿಂತ ಹೆಚ್ಚಿನ ಓಡಾಟಕ್ಕೆ 80 ಅಂತ ವಿಂಗಡಿಸಿತ್ತು. ಕಾಲುದಾರಿಗೆ ಮಾಡಿದ್ದನ್ನು ಕಾರಿನ ಅಂಗಳಕ್ಕೆ ಹಾಕಿ ಒಡೆಯಿತು ಅಂದರೆ ಏನು ಮಾಡುವುದು? ಇದರಲ್ಲಿ ಒಂದು ತಮಾಷೆಯೂ ಉಂಟು. ಅಂಗಳ ಮುಚ್ಚಿದ್ದಕ್ಕೆ ಬಾವಿ ಬತ್ತಿತು, ಬಾವಿ ಬತ್ತಿದ್ದಕ್ಕೆ ಟ್ಯಾಂಕರ್ ಬಂತು. 12,000 ಲೀಟರ್ ನೀರಿನ ತೂಕವೇ 12 ಟನ್, ಗಾಡಿಯ ತೂಕ ಬೇರೆ. ಅದು ಒಳಗೆ ಬಂದ ದಿನ ಕಾರಿಗೆ ಅಂತ ಹಾಕಿದ ಇಂಟರ್‌ಲಾಕ್ ಕುಸಿಯಿತು!

ಇಳಿಜಾರಿನ ಲೆಕ್ಕವೂ ಮುಖ್ಯ. ಮನೆಯ ಕಡೆಯಿಂದ ಹೊರಕ್ಕೆ ಐವತ್ತು ಅಡಿಗೆ ಒಂದು ಅಡಿಯಾದರೂ ಇಳಿತ ಬೇಕು. ಆ ಇಳಿತ ರಸ್ತೆಗೆ ಹೋಗಿ ಮುಗಿಯದೆ, ಗೇಟಿಗೆ ಮುಂಚೆಯೇ ಒಂದು ಅಡ್ಡ ಕಣಿಗೆ, ಅಲ್ಲಿಂದ ಒಂದು ಇಂಗುಗುಂಡಿಗೆ ಸೇರಬೇಕು. ನಾಲ್ಕಡಿ ಉದ್ದ, ನಾಲ್ಕಡಿ ಅಗಲ, ಆರಡಿ ಆಳದ ಗುಂಡಿ ಖಾಲಿ ಇದ್ದರೆ ಸುಮಾರು 2700 ಲೀಟರ್ ಹಿಡಿಯುತ್ತದೆ. ಕಲ್ಲು ತುಂಬಿದರೆ ಅದರ ಮೂರನೇ ಒಂದು ಪಾಲು. ತುಂಬಿ ಹೋದರೂ ಕೆಳಗೆ ಇಂಗುತ್ತಾ ಇರುತ್ತದೆ. ಪೆರ್ಲದ ಕಡೆಯ ಪತ್ರಕರ್ತ, ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ನೀರಿಂಗಿಸುವ ವಿಚಾರ ವರ್ಷಗಟ್ಟಲೆ ಬರೆದಿದ್ದಾರೆ, ತೋಟದವರು ಓದಿದರು, ಪೇಟೆಯವರಿಗೆ ಇನ್ನೂ ಪುರುಸೊತ್ತಿಲ್ಲ.

ಆದರೆ ಗುಂಡಿ ತೋಡುವ ಉತ್ಸಾಹದಲ್ಲಿ ಎರಡು ಮಾತು ಮರೆಯಬಾರದು. ಒಂದು, ಅಂಗಳದ ನೀರನ್ನು ನೇರ ಬಾವಿಗೆ ಬಿಡುವುದು ಬೇಡವೇ ಬೇಡ. ಕಾರಿನ ಎಣ್ಣೆ, ನಾಯಿಯ ಹೇಲು, ಸಾಬೂನು ಎಲ್ಲ ಅದರಲ್ಲಿ ಉಂಟು. ಬಾವಿಗೆ ಬಿಡುವುದಿದ್ದರೆ ಮಾಡಿನ ನೀರನ್ನು, ಅದೂ ಸೋಸಿ. ಎರಡನೆಯದು ಇನ್ನೂ ಗಂಭೀರ. ಇಲ್ಲಿಯ ಕೆಂಪುಕಲ್ಲಿನ ಪದರದ ಅಡಿಯಲ್ಲಿ ಶೇಡಿ ಮಣ್ಣು ಉಂಟು. ಒಣಗಿದಾಗ ಕಲ್ಲಿನಂತೆ ಕಾಣುವ ಅದು ನೀರು ಕುಡಿದರೆ ಬೆಣ್ಣೆಯಾಗುತ್ತದೆ. ಗುಡ್ಡ ಕಡಿದು ಮನೆ ಕಟ್ಟಿದವರು ದರೆಯ ಅಂಚಿನಲ್ಲೋ, ತಡೆಗೋಡೆಯ ಹಿಂದೆಯೋ ಇಂಗುಗುಂಡಿ ತೋಡಿದರೆ ಅದು ಗುಡ್ಡವನ್ನು ಕರೆದು ಮನೆಯ ಮೇಲೆ ಕೂರಿಸಿದ ಹಾಗೆ. ಅಂಥ ಜಾಗದಲ್ಲಿ ನೀರನ್ನು ಕಣಿ ಮಾಡಿ ದೂರದ ಸಮತಟ್ಟಿಗೆ ಕೊಂಡುಹೋಗಬೇಕು. ತಿಳಿದವರನ್ನು ಕರೆಸಿ ತೋರಿಸದೆ ಅಲ್ಲಿ ಹಾರೆ ಹಾಕಬಾರದು.

ಪಾಚಿ ಪುರಾಣ

ಹಾಕಿದ ಮೇಲೆ ಮುಗಿಯಿತು ಅಂತ ತಿಳಿದವರಿಗೆ ಆಷಾಢದಲ್ಲಿ ಪಾಚಿ ಪಾಠ ಹೇಳುತ್ತದೆ. ಮುಂಜಾನೆ ಹೂ ಕೊಯ್ಯಲು ಹೋದ ಅಜ್ಜಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡರೆ ಮಾಡುವುದೆಂತ ಮಾರಾಯ್ರೆ? ಮಳೆಗೆ ಮುಂಚೆ ಒಮ್ಮೆ, ನಡುವೆ ಬಿಸಿಲು ಬಿಟ್ಟಾಗ ಒಮ್ಮೆ, ಬ್ಲೀಚಿಂಗ್ ಪೌಡರ್ ನೀರಿನಲ್ಲಿ ಕಲಸಿ ಹಾಕಿ, ಸ್ವಲ್ಪ ಹೊತ್ತು ಬಿಟ್ಟು, ಗಟ್ಟಿ ಬ್ರಷ್ಷಿನಲ್ಲಿ ತಿಕ್ಕಿದರೆ ಪಾಚಿ ಬಿಡುತ್ತದೆ. ಬಾವಿಕಟ್ಟೆಯ ಹತ್ತಿರ ಮಾತ್ರ ಬರೀ ಬ್ರಷ್ಷೇ ಸಾಕು, ಪೌಡರ್ ಬೇಡ. ಮರದ ಗೆಲ್ಲು ಸವರಿ ಬಿಸಿಲು ಬೀಳುವ ಹಾಗೆ ಮಾಡಿದರೆ ಅರ್ಧ ಪಾಚಿ ಬರುವುದೇ ಇಲ್ಲ.

ಈಗ ಬಾಡಿಗೆಗೆ ಸಿಗುವ ಪ್ರೆಶರ್ ಪಂಪಿನಿಂದ ಹೊಡೆದರೆ ಹತ್ತು ನಿಮಿಷದಲ್ಲಿ ಹೊಸತರಂತೆ ಕಾಣುತ್ತದೆ, ನಿಜ. ಜತೆಯಲ್ಲಿ ಸಂದಿನ ಮರಳೂ ಹಾರಿ ಹೋಗುತ್ತದೆ. ಬಿಲ್ಲೆಗಳು ಒಂದಕ್ಕೊಂದು ಲಾಕ್ ಆಗಿ ನಿಲ್ಲುವುದು ಆ ಮರಳಿನಿಂದಲೇ. ತೊಳೆದ ಮೇಲೆ ಒಣ ಮರಳು ಹರಡಿ ಮತ್ತೆ ಸಂದಿಗೆ ಗುಡಿಸದಿದ್ದರೆ ಬಿಲ್ಲೆ ಅಲುಗಾಡಲು ಶುರು. ಮರಳಿನ ಬದಲು ಸಿಮೆಂಟ್ ನೀರು ಹೊಯ್ಯುವ ಜಾಣರು ಉಂಟು. ಅದು ಕೆಲವೇ ಸಮಯದಲ್ಲಿ ಒಡೆದು ಎದ್ದುಬರುತ್ತದೆ, ಬಿಲ್ಲೆ ಎಬ್ಬಿಸುವ ಅನುಕೂಲವೂ ಹೋಯಿತು, ಇಂಗುತ್ತಿದ್ದ ನಾಲ್ಕು ಹನಿಯೂ ಹೋಯಿತು. ಸಂದಿನ ಹುಲ್ಲಿಗೆ ಕಳೆನಾಶಕ ಹೊಡೆಯುವವರು ಅದೇ ಅಂಗಳದ ಬಾವಿಯ ನೀರನ್ನು ಕುಡಿಯುವವರು ತಾವೇ ಎಂಬುದನ್ನು ಮರೆತಂತೆ ಕಾಣುತ್ತದೆ. ಕೈಯಲ್ಲಿ ಕೀಳಲಿ. ಎಣ್ಣೆ ಬಿದ್ದ ಕೂಡಲೇ ಬೂದಿಯೋ ಮರದ ಹುಡಿಯೋ ಹಾಕಿ ಹೀರಿಸಿ ತೆಗೆದರೆ ಕಲೆ ನಿಲ್ಲುವುದಿಲ್ಲ. ತಿಂಗಳು ಬಿಟ್ಟು ಆಸಿಡ್ ಹಾಕಿದರೆ ಕಲೆಯೊಂದಿಗೆ ಕಾಂಕ್ರೀಟಿನ ಚರ್ಮವೂ ಹೋಗುತ್ತದೆ.

ಗೇಟಿನ ಹೊರಗೆ

ಗೇಟಿನ ಒಳಗಿನದ್ದು ಅವರವರ ಇಷ್ಟ ಅಂತ ಬಿಡಬಹುದು. ಹೊರಗೆ ನಡೆಯುವುದು ಮಾತ್ರ ಇಷ್ಟದ ವಿಷಯ ಅಲ್ಲ. ಕಾರು ಏರಲಿಕ್ಕೆ ಸುಲಭ ಆಗಲಿ ಅಂತ ಚರಂಡಿಯ ಮೇಲೆ ಕಾಂಕ್ರೀಟ್ ಏರು ಕಟ್ಟುವುದು ಈಗ ಊರ ಸಂಪ್ರದಾಯವೇ ಆಗಿದೆ. ಅಡಿಯಲ್ಲಿ ಆರಿಂಚಿನ ಒಂದು ಪೈಪು, ಅದಕ್ಕೂ ಮೊದಲ ಮಳೆಗೇ ತೆಂಗಿನ ಸಿಪ್ಪೆ, ಪ್ಲಾಸ್ಟಿಕ್ ಚೀಲ ಅಡ್ಡ. ಕೆಲವರು ಆ ಪೈಪಿಗೂ ದುಡ್ಡು ಖರ್ಚು ಮಾಡಿಲ್ಲ. ಒಬ್ಬರ ಏರಿನಿಂದ ಮೇಲಿನ ಹತ್ತು ಮನೆಯ ನೀರು ರಸ್ತೆಗೆ ಹತ್ತುತ್ತದೆ, ರಸ್ತೆಯ ಡಾಮರು ಕಿತ್ತು ಹೋಗುತ್ತದೆ, ಕಡೆಗೆ ಗುಂಡಿ ಬಿದ್ದಿದೆ ಅಂತ ಅವರೇ ಅರ್ಜಿ ಕೊಡುತ್ತಾರೆ! ಸಾರ್ವಜನಿಕ ಬೀದಿಗೆ ಅಡ್ಡಿ ಮಾಡುವ ಕಟ್ಟೋಣಕ್ಕೆ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಶನ್ ಕಾಯ್ದೆಯಲ್ಲಿ ಎಡೆಯಿಲ್ಲ. ತೆಗೆಸುವ ಅಧಿಕಾರ ನಗರಾಡಳಿತಕ್ಕೆ ಅಂದಿನಿಂದಲೂ ಉಂಟು. ಅಧಿಕಾರ ಉಂಟು, ಧೈರ್ಯ ಮಾತ್ರ ವಾರ್ಡಿನ ವೋಟಿನ ಲೆಕ್ಕದಲ್ಲಿ ಸಿಕ್ಕಿಬಿದ್ದಿದೆ.

ನಗರಾಡಳಿತ ಮೊದಲು ತನ್ನ ಕಡೆಯಿಂದ ಶುರು ಮಾಡಲಿ. ಫುಟ್‌ಪಾತಿಗೆ ಇಂಟರ್‌ಲಾಕ್ ಹಾಸುವಾಗ ಮರದ ಬುಡಕ್ಕೆ ಕೊರಳುಪಟ್ಟಿ ಬಿಗಿದಂತೆ ಬಿಲ್ಲೆ ತಾಗಿಸುವುದನ್ನು ಬಿಡಲಿ. ಮೂರಡಿ ಮಣ್ಣು ಮರಕ್ಕೆ ಬಿಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಮನೆಯ ನಕ್ಷೆಗೆ ಮುದ್ರೆ ಒತ್ತುವ ಮುಂಚೆ ಅಂಗಳದಲ್ಲಿ ಮಣ್ಣು ಎಷ್ಟು, ಮುಚ್ಚುವುದೆಷ್ಟು, ನೀರು ಹೋಗುವುದೆಲ್ಲಿಗೆ ಅಂತ ಮೂರು ಪ್ರಶ್ನೆ ಕೇಳಲಿ. ಚರಂಡಿಯ ಮೇಲೆ ಏರು ಬೇಕಾದವರಿಗೆ ಎತ್ತಿ ತೆಗೆಯಬಹುದಾದ ಕಬ್ಬಿಣದ ಜಾಲರಿಯನ್ನೋ ಬಿಡಿ ಚಪ್ಪಡಿಯನ್ನೋ ಕಡ್ಡಾಯ ಮಾಡಲಿ. ಅಡಿಯ ಕಸ ತೆಗೆಯಲು ದಾರಿಯಾಗುತ್ತದೆ. ಈಗಾಗಲೇ ಗಟ್ಟಿ ಕಾಂಕ್ರೀಟ್ ಸುರಿದವರಿಗೆ ನೋಟೀಸು ಕೊಟ್ಟು ತಿಂಗಳ ವಾಯಿದೆ ಹಾಕಲಿ. ಏರು ಒಡೆದು ಜಾಲರಿ ಕೂರಿಸಲು ಒಂದು ಮನೆಗೆ ಇಬ್ಬರು ಆಳು ಸಾಕು, ಎರಡು ದಿನದ ಕೆಲಸ. ಇದು ಮೇ ತಿಂಗಳು ಮುಗಿಯುವುದರ ಒಳಗೆ ಆಗಬೇಕು. ಜೂನ್ ಬಂದ ಮೇಲೆ ಆಳೂ ಸಿಗುವುದಿಲ್ಲ, ಚರಂಡಿಯ ತಳವೂ ಕಾಣುವುದಿಲ್ಲ.